ಗಿಟಾರಿನ ಮೇಲ್ಹಲಗೆ: ತೋರ್ರೆಸನ ರಚನಾಕ್ರಮದ ವಿವೇಚನೆ

ತಂತಿವಾದ್ಯಗಳ ಚರಿತ್ರೆಯನ್ನು ಬರೆಯುವವರು ಒಂದೊಂದು ವಾದ್ಯಕ್ಕೂ ಒಬ್ಬೊಬ್ಬ ಕರ್ತೃವನ್ನು ಹುಡುಕುವುದು ವಾಡಿಕೆ. ಸ್ಪೇನ್ ದೇಶದ ಗಿಟಾರಿನ ವಿಷಯದಲ್ಲಿ ಈ ಪಟ್ಟವು ಆಂತೋನಿಯೋ ದೆ ತೋರ್ರೆಸನಿಗೆ (1817–1892) ಸಂದಿದೆ. ಮೇಲ್ಹಲಗೆಯ ಒಳಮೈಗೆ ಬೀಸಣಿಗೆಯ ಕಡ್ಡಿಗಳಂತೆ ಹರಡಿ ಅಂಟಿಸುವ ಮರದ ಪಟ್ಟಿಗಳನ್ನು ಮೊದಲು ಕಲ್ಪಿಸಿದವನು ಈತನೇ ಎಂಬ ಮಾತು ಅನೇಕ ಕಡೆಗಳಲ್ಲಿ ಕಾಣಬರುತ್ತದೆ. ಈ ಮಾತು ವಿಚಾರಕ್ಕೆ ನಿಲ್ಲತಕ್ಕದ್ದಲ್ಲ. ಸೆವಿಲ್ ನಗರದ ಫ್ರಾನ್ಸಿಸ್ಕೋ ಸಾಂಗಿನೋ 1759ರಲ್ಲಿ ನಿರ್ಮಿಸಿದ ಗಿಟಾರಿನಲ್ಲಿಯೇ ಇಂತಹ ಪಟ್ಟಿಗಳುಂಟು. ಕಾದಿಸ್ ನಗರದ ಹುವಾನ್ ಪಾಹೆಸ್, ಹೋಸೆಫ್ ಬೆನೆದಿದ್ ಮೊದಲಾದವರು ಅದೇ ಶತಮಾನದ ಕೊನೆಯ ಭಾಗದಲ್ಲಿ ಅವನ್ನು ಬಳಸಿದ್ದರು. ಹಾಗಾದರೆ ತೋರ್ರೆಸನ ಹಿರಿಮೆ ಯಾವುದರಲ್ಲಿ? ಇದನ್ನು ನಿರ್ಣಯಿಸುವುದಕ್ಕೆ ಮೊದಲು ಮೇಲ್ಹಲಗೆಯ ಕೆಲಸವೇನೆಂಬುದನ್ನು ತಿಳಿಯುವುದು ಅವಶ್ಯಕ.

ಪಿಟೀಲಿನಲ್ಲಿ ತಂತಿಗಳು ಕುದುರೆಯ ಮೇಲೆ ಹಾದುಹೋಗಿ ಅದನ್ನು ಕೆಳಕ್ಕೆ ಅದುಮುತ್ತವೆ. ಗಿಟಾರಿನಲ್ಲಿ ಹಾಗಲ್ಲ; ಆರು ತಂತಿಗಳೂ ಹಲಗೆಗೆ ಅಂಟಿಸಿದ ಕುದುರೆಗೇ ಕಟ್ಟಲ್ಪಟ್ಟಿರುತ್ತವೆ. ಇಂದಿನ ನೈಲಾನ್ ತಂತಿಗಳನ್ನು ಶ್ರುತಿಗೆ ಏರಿಸಿದಾಗ ಅವುಗಳ ಒಟ್ಟು ಎಳೆತವು ಸುಮಾರು 40 ಕಿಲೋಗ್ರಾಮಿನಷ್ಟಾಗುತ್ತದೆ. ಈ ಎಳೆತವು ಕುದುರೆಯನ್ನು ಮುಂದಕ್ಕೆ ಮಗುಚಲೆಳಸುವುದರಿಂದ ನಾದರಂಧ್ರದ ಕಡೆಯಲ್ಲಿ ಹಲಗೆ ಕುಗ್ಗುತ್ತದೆ, ಕುದುರೆಯ ಹಿಂದೆ ಉಬ್ಬುತ್ತದೆ. ಇದನ್ನು ವರ್ಷಗಟ್ಟಲೆ ತಾಳಿಕೊಂಡಿರುವುದು ಹಲಗೆಯ ಮೊದಲನೆಯ ಕರ್ತವ್ಯ. ಎರಡನೆಯ ಕರ್ತವ್ಯವು ಇದಕ್ಕೆ ವಿರುದ್ಧವಾದುದು. ತಂತಿಯು ಬಹು ಸಣ್ಣದು. ಗಾಳಿಯನ್ನು ತಕ್ಕಷ್ಟು ಕದಲಿಸುವ ಶಕ್ತಿ ಅದಕ್ಕಿಲ್ಲ. ಬೆರಳು ಮಿಡಿದ ಅಲ್ಪ ಬಲವನ್ನು ಹಲಗೆಯು ತಾನು ಕಂಪಿಸಿ ಗಾಳಿಗೆ ಮುಟ್ಟಿಸಬೇಕು. ಅದಕ್ಕಾಗಿ ಅದು ಹಗುರವಾಗಿಯೂ ಬಳುಕುವಂತಹದಾಗಿಯೂ ಇರಬೇಕು. ದಪ್ಪವಾದರೆ ವಾದ್ಯವು ಬಾಳುತ್ತದೆ, ನುಡಿಯುವುದಿಲ್ಲ; ತೀರ ತೆಳುವಾದರೆ ನುಡಿಯುತ್ತದೆ, ಬಾಳುವುದಿಲ್ಲ.

ಸ್ಪೇನಿನ ಕುಶಲರು ಈ ಹಲಗೆಗೆ ಯೂರೋಪಿನ ಮಲೆನಾಡುಗಳಲ್ಲಿ ಬೆಳೆಯುವ ಸ್ಪ್ರೂಸ್ ಮರವನ್ನು ಆರಿಸಿಕೊಂಡುದಕ್ಕೆ ಕಾರಣವೂ ಇದೇ. ತೂಕಕ್ಕೆ ಹೋಲಿಸಿದರೆ ಆ ಮರದ ಬಿಗುಪು, ಎಂದರೆ ಬಾಗುವಿಕೆಯನ್ನು ತಡೆಯುವ ಗುಣ, ಬಹಳ ಹೆಚ್ಚು. ವರ್ಷವಲಯಗಳು ಹಲಗೆಯ ಮೈಗೆ ನೆಟ್ಟಗೆ ನಿಲ್ಲುವಂತೆ ದಿಮ್ಮಿಯನ್ನು ಸೀಳಿ, ಒಂದರ ಮಗ್ಗುಲಲ್ಲೊಂದಿದ್ದ ಎರಡು ಹಲಗೆಗಳನ್ನು ಪುಸ್ತಕವನ್ನು ತೆರೆದಂತೆ ಬಿಡಿಸಿ ನಡುವೆ ಬೆಸೆಯುತ್ತಾರೆ. ಎಳೆಯ ಉದ್ದಕ್ಕೆ ಇರುವ ಬಿಗುಪಿನಲ್ಲಿ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಎಳೆಗೆ ಅಡ್ಡವಾಗಿ ಸಾಮಾನ್ಯವಾಗಿ ಇರುವುದಿಲ್ಲ. ಕತ್ತಿನ ಕಡೆ ಒತ್ತಾಗಿದ್ದು ಕೆಳಕ್ಕೆ ಬಂದಂತೆ ಅಗಲುವ ಪಟ್ಟಿಗಳು ಎಳೆತಕ್ಕೆ ಎದುರು ನಿಲ್ಲುವುದಲ್ಲದೆ ಬಲವನ್ನು ಇಕ್ಕೆಲಗಳಿಗೂ ಹಂಚಿ ಈ ಕೊರತೆಯನ್ನು ಒಂದಿಷ್ಟು ತುಂಬುತ್ತವೆ.

ಹಲಗೆಯ ತೂಕವು ಅದರ ದಪ್ಪಕ್ಕೆ ಸಮನಾಗಿ ಏರಿಳಿಯುತ್ತದೆ. ಬಿಗುಪಾದರೋ ದಪ್ಪದ ಘನವನ್ನು ಅನುಸರಿಸುತ್ತದೆ. ಎರಡೂವರೆ ಮಿಲಿಮೀಟರಿನ ಹಲಗೆಯಿಂದ ಕಾಲು ಮಿಲಿಮೀಟರನ್ನು ಹೆರೆದರೆ ತೂಕವು ನೂರಕ್ಕೆ 10ರಷ್ಟು ಮಾತ್ರ ತಗ್ಗುತ್ತದೆ, ಬಿಗುಪು ನೂರಕ್ಕೆ 27ರಷ್ಟು ಹೋಗುತ್ತದೆ. ಪಟ್ಟಿಗಳ ವಿಷಯದಲ್ಲಿಯೂ ಇದೇ ನ್ಯಾಯ. ಪಟ್ಟಿಯೊಂದರ ಬಿಗುಪನ್ನು ಅರ್ಧಕ್ಕೆ ಇಳಿಸಬೇಕಾದರೆ ಅಗಲದಲ್ಲಿ ಅರ್ಧವನ್ನೇ ಕಳೆಯಬೇಕು. ಎತ್ತರದಲ್ಲಿ ಐದರಲ್ಲೊಂದು ಪಾಲು ಸಾಕು. ಆದುದರಿಂದಲೇ ಕುಶಲನು ಪಟ್ಟಿಗಳನ್ನು ಅಂಟಿಸಿದ ಮೇಲೆ ಅವುಗಳ ನೆತ್ತಿಯನ್ನು ಉಳಿಯಿಂದ ಸ್ವಲ್ಪಸ್ವಲ್ಪವಾಗಿ ಸವರುತ್ತ, ತುದಿಗಳನ್ನು ಇಳಿಜಾರಾಗಿಸುತ್ತ, ನಡುನಡುವೆ ಹಲಗೆಯನ್ನು ಬಾಗಿಸಿ ನೋಡಿ, ಬೆರಳಿನಿಂದ ತಟ್ಟಿ ಕೇಳುತ್ತಾನೆ. ಒಮ್ಮೆ ತೆಗೆದ ಮರವನ್ನು ಮರಳಿ ಇಡುವಂತಿಲ್ಲ.

ತೋರ್ರೆಸನು ಈ ಎರಡು ಕರ್ತವ್ಯಗಳ ವಿರೋಧವನ್ನು ಮೂರು ಉಪಾಯಗಳಿಂದ ಪರಿಹರಿಸಿದನು. ವಾದ್ಯದ ಒಡಲನ್ನು ಹಿಗ್ಗಿಸಿ ಕಂಪಿಸುವ ಕ್ಷೇತ್ರವನ್ನು ವಿಸ್ತರಿಸಿದನು. ಹಲಗೆಯನ್ನು ತೆಳುಮಾಡಿ, ಹಲವು ವಾದ್ಯಗಳಲ್ಲಿ ಅಂಚಿನ ಕಡೆಗೆ ಇನ್ನಷ್ಟು ಇಳಿಸಿದನು. ಆ ತೆಳು ಹಲಗೆಯನ್ನು ಸಮತಲವಾಗಿ ಬಿಡದೆ ಮೆಲ್ಲನೆ ಉಬ್ಬಿಸಿದನು. ಸ್ಪೇನಿನ ಪದ್ಧತಿಯಲ್ಲಿ ಸೋಲೆರವೆಂಬ, ನಡುವೆ ತುಸು ತೋಡಿದ ಮಣೆಯ ಮೇಲೆ ಹಲಗೆಯನ್ನಿಟ್ಟು ಪಟ್ಟಿಗಳನ್ನು ಅಂಟಿಸುವುದರಿಂದ ಈ ಉಬ್ಬು ಸ್ಥಿರವಾಗುತ್ತದೆ. ಕಮಾನಿನಲ್ಲಿ ಆಕಾರವೇ ಭಾರವನ್ನು ಹೊರುವಂತೆ ಇಲ್ಲಿಯೂ ಬಾಗೇ ಬಲವಾಗುತ್ತದೆ. ತೂಕವು ಹೆಚ್ಚದೆಯೇ ಬಿಗುಪು ದೊರೆಯುತ್ತದೆ. ಅವನ ಪಕ್ವವಾದ ವಾದ್ಯಗಳಲ್ಲಿ ಸಾಮಾನ್ಯವಾಗಿ ಕಾಣುವ ಏಳು ಪಟ್ಟಿಗಳಿಗೆ ಅರ್ಥ ಬರುವುದು ಈ ಉಪಾಯಗಳ ಜೊತೆಯಲ್ಲಿಯೇ ಹೊರತು ಬೇರೆಯಾಗಿ ಅಲ್ಲ.

ಮೇಲ್ಹಲಗೆಯೇ ವಾದ್ಯದ ಜೀವವೆಂಬ ನಂಬಿಕೆಯನ್ನು ತೋರ್ರೆಸನು 1862ರಲ್ಲಿ ಒಂದು ಪ್ರಯೋಗದಿಂದ ತೋರಿಸಿದನು. ಆ ವರ್ಷ ಮಾಡಿದ ಗಿಟಾರೊಂದಕ್ಕೆ ಬೆನ್ನನ್ನೂ ಪಕ್ಕಗಳನ್ನೂ ಬೆಲೆಬಾಳುವ ಮರದ ಬದಲು ಕಾಗದದ ರಟ್ಟಿನಿಂದ ರಚಿಸಿ, ಮೇಲ್ಹಲಗೆಯನ್ನು ಮಾತ್ರ ಎಂದಿನಂತೆ ಸ್ಪ್ರೂಸ್ ಮರದಲ್ಲಿ ಮಾಡಿದನು. ಆ ವಾದ್ಯವು ಬಾರ್ಸಿಲೋನದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಬೆನ್ನು ಮತ್ತು ಪಕ್ಕಗಳಿಂದ ನಾದಕ್ಕೆ ಏನೂ ಸಲ್ಲದೆಂದು ಇದರಿಂದ ಸಿದ್ಧವಾಗುವುದಿಲ್ಲ. ಒಡಲೊಳಗಣ ಗಾಳಿಯೂ ಮಂದ್ರಸ್ವರಗಳಿಗೆ ಪೋಷಕವಾದುದು. ಆದರೆ ಯಾವುದು ಪ್ರಧಾನ, ಯಾವುದು ಅಂಗ ಎಂಬ ವಿವೇಕವು ಅವನಿಗೆ ಎಷ್ಟು ಸ್ಪಷ್ಟವಾಗಿತ್ತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ತೋರ್ರೆಸನ ತರುವಾಯ ಅವನ ವಾದ್ಯಗಳನ್ನು ಅಳೆದವರು ಬಹುಮಂದಿ. ಮ್ಯೂನಿಕ್ ನಗರದ ಹೆರ್ಮನ್ ಹೌಸರನು ಸ್ಪೇನಿನ ಮಾದರಿಯನ್ನು ಅನುಸರಿಸಿ 1937ರಲ್ಲಿ ರಚಿಸಿದ ಗಿಟಾರನ್ನು ಆಂದ್ರೆಸ್ ಸೆಗೋವಿಯನು ಬಹುಕಾಲ ನುಡಿಸಿದನು. ಆಸ್ಟ್ರೇಲಿಯದ ಗ್ರೆಗ್ ಸ್ಮಾಲ್‌ಮನ್ನರಾದರೋ ಬೀಸಣಿಗೆಯನ್ನೇ ಬಿಟ್ಟು, ಬಾಲ್ಸ ಮರ ಮತ್ತು ಇಂಗಾಲದ ಎಳೆಗಳ ಜಾಲರಿಯನ್ನು ಅತಿ ತೆಳುವಾದ ಹಲಗೆಗೆ ಅಂಟಿಸಿದರು. ಮಾರ್ಗಗಳು ಬೇರೆಯಾದರೂ ಪ್ರಶ್ನೆಯೊಂದೇ.

ಅಳತೆಯಿಂದ ದೊರೆಯುವುದು ಎಷ್ಟು ಎಂಬುದೂ ವಿಚಾರಾರ್ಹ. ಒಂದೇ ದಿಮ್ಮಿಯಿಂದ ಸೀಳಿದ ಎರಡು ಹಲಗೆಗಳನ್ನು ಒಂದೇ ದಪ್ಪಕ್ಕೆ ಹೆರೆದರೂ ಅವುಗಳ ಬಿಗುಪು ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಹಳೆಯ ವಾದ್ಯದ ದಪ್ಪವನ್ನು ಹೊಸ ಮರಕ್ಕೆ ತಪ್ಪದೆ ಇಳಿಸಿದವನು ತೋರ್ರೆಸನ ಅಂಕಿಗಳನ್ನು ಪಡೆದಾನು, ಆ ಅಂಕಿಗಳಿಗೆ ಕಾರಣವಾದ ನಿರ್ಣಯವನ್ನು ಪಡೆಯಲಾರನು. ತೋರ್ರೆಸನನ್ನು ಕೊನೆಗಾಲದಲ್ಲಿ ಬಲ್ಲವನಾಗಿದ್ದ ಪಾದ್ರಿಯೊಬ್ಬನು 1931ರಲ್ಲಿ ಬರೆದ ಪತ್ರವೊಂದರಲ್ಲಿ ಈ ಪ್ರಸಂಗವುಂಟು. ರಹಸ್ಯವನ್ನು ಲೋಕಕ್ಕೆ ಬಿಟ್ಟುಹೋಗಬೇಕೆಂದು ಕೇಳಿದಾಗ, ಅದು ತನ್ನ ಹೆಬ್ಬೆರಳು ತೋರುಬೆರಳುಗಳ ತುದಿಯ ಸ್ಪರ್ಶದಲ್ಲಿರುವುದರಿಂದ ದೇಹದೊಡನೆಯೇ ಹೋಗತಕ್ಕದ್ದೆಂಬ ಅರ್ಥದ ಉತ್ತರವನ್ನು ಅವನು ಕೊಟ್ಟನಂತೆ. ನಾಲ್ಕು ದಶಕಗಳ ಅನಂತರದ ಸ್ಮರಣೆಯಾದುದರಿಂದ ಅದರ ಮಾತುಮಾತನ್ನೂ ಪ್ರಮಾಣವೆನ್ನಲಾಗದು. ಆದರೂ ಮರದ ಸ್ವಭಾವವು ಅದರ ತಾತ್ಪರ್ಯವನ್ನು ಸಮರ್ಥಿಸುತ್ತದೆ. ಪಟ್ಟಿಗಳ ವಿನ್ಯಾಸವು ತೋರ್ರೆಸನಿಗೆ ಪರಂಪರೆಯಿಂದ ಬಂದುದು, ಅವನಿಂದ ಪರಂಪರೆಗೆ ಸೇರಿದುದು. ಎಲ್ಲಿ ಹೆರೆಯುವುದನ್ನು ನಿಲ್ಲಿಸಬೇಕೆಂಬ ಅರಿವು ಮಾತ್ರ ಅವನದು. ಅದನ್ನು ಒಬ್ಬೊಬ್ಬ ಕುಶಲನೂ ತನ್ನ ಕೈಯ ಹಲಗೆಯಿಂದಲೇ ಹೊಸದಾಗಿ ಕಲಿಯಬೇಕು.