ನಿಮಗಿದು ಗೊತ್ತೆ? ಕುರ್ಚಿಗೂ ಕಣ್ಣಿಗೂ ಒಂದೇ ವಸ್ತು!

● ತ್ರಿಕೋನ, ವೃತ್ತ, ಘನಾಕಾರಗಳಲ್ಲಿ ಮನೆಗೆ ಮೆರುಗು ತರುವ ಬಣ್ಣಬಣ್ಣದ ಪಾರದರ್ಶಕ ಕುರ್ಚಿ, ಮೇಜುಗಳಲ್ಲಿ ಹಲವು ಗಾಜಿನವಲ್ಲ, ಅಕ್ರಿಲಿಕ್ ಪ್ಲಾಸ್ಟಿಕ್‌ನವು.

● ಬ್ರಿಟನ್ನಿನ ಐಸಿಐ ಕಂಪನಿ 1930ರ ದಶಕದಲ್ಲಿ ಇದನ್ನು ‘ಪರ್ಸ್ಪೆಕ್ಸ್’ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು.

● ಇದರ ತೂಕ ಗಾಜಿನ ಅರ್ಧದಷ್ಟು. ಬಣ್ಣವಿಲ್ಲದ ಹಾಳೆಯ ಮೂಲಕ ಶೇ 92ರಷ್ಟು ಬೆಳಕು ಹಾಯುತ್ತದೆ. ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಬೇಕಾದಂತೆ ಬಾಗಿಸಬಹುದು.

● ಹಳದಿ ಹಾಳೆಯ ಹಿಂದೆ ನೀಲಿ ಹಾಳೆ ಬಂದರೆ ಹಸಿರು ಕಾಣುತ್ತದೆ. ಎರಡೇ ಬಣ್ಣದಲ್ಲಿ ಮೂರನೆಯದನ್ನು ಪಡೆಯುವ ಈ ಆಟ ವಿನ್ಯಾಸಕಾರರಿಗೆ ಅಚ್ಚುಮೆಚ್ಚು.

● ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನಗಳ ಪೈಲಟ್ ಕೋಣೆಯ ಮುಚ್ಚಳವೂ ಪರ್ಸ್ಪೆಕ್ಸ್‌ನದೇ. ಅದರ ಚೂರು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಉರಿಯೂತ ಆಗದ್ದನ್ನು ವೈದ್ಯ ಹೆರಾಲ್ಡ್ ರಿಡ್ಲಿ ಗಮನಿಸಿದರು. 1949ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅದೇ ವಸ್ತುವಿನ ಕೃತಕ ಮಸೂರವನ್ನು ಕಣ್ಣಿಗೆ ಅಳವಡಿಸಿದರು. ಇಂದಿನ ಕಣ್ಣಿನ ಪೊರೆ ಚಿಕಿತ್ಸೆಗೆ ಇದೇ ನಾಂದಿ.

 

● ನಿಮ್ಮ ಮನೆಯ ಅಕ್ರಿಲಿಕ್ ಮೇಜನ್ನು ಸ್ಪಿರಿಟ್‌ನಿಂದ ಒರೆಸಬೇಡಿ, ಬಿರುಕು ಬಿಡಬಹುದು. ಸೋಪಿನ ನೀರು, ಮೆತ್ತನೆಯ ಬಟ್ಟೆ ಸಾಕು.