ಹಳೆ ಕಾರಿನಲ್ಲಿ ಬರುವ ಆ ನಿಗೂಢ ಶಬ್ದ ಎಲ್ಲಿಯದು? ಬೈಕುಲ್ಲಾ ರಸ್ತೆಗಳಲ್ಲೇ ಪತ್ತೆ ಹಚ್ಚಬಹುದು, ಹೇಗೆ ಗೊತ್ತಾ?

ಮುಂಬೈ: ಸ್ಪೀಡ್ ಬ್ರೇಕರ್ ದಾಟುವಾಗ 'ಡಬ್', ತಿರುವಿನಲ್ಲಿ 'ಕಟ್ ಕಟ್', ಫ್ಲೈಓವರ್ ಏರಿದ ಮೇಲೆ 'ಹೂಂ' ಎಂಬ ಗುಂಗು. ಹತ್ತು, ಹದಿನೈದು ವರ್ಷ ದಾಟಿದ ಕಾರು ಇಟ್ಟುಕೊಂಡವರಿಗೆ ಇವೆಲ್ಲ ಹೊಸದೇನಲ್ಲ. ಗ್ಯಾರೇಜಿಗೆ ಒಯ್ದ ದಿನವೇ ಶಬ್ದ ಮಾಯವಾಗುವುದು, ಮೆಕ್ಯಾನಿಕ್ ಅಂದಾಜಿನ ಮೇಲೆ ಒಂದು ಭಾಗ ಬದಲಿಸುವುದು, ಮನೆಗೆ ಬರುವಷ್ಟರಲ್ಲಿ ಶಬ್ದ ಮತ್ತೆ ಶುರುವಾಗುವುದು ಕೂಡ ಹಳೆಯ ಕಥೆಯೇ.

ಇದು ಬರೀ ಕಿರಿಕಿರಿಯ ವಿಷಯವಲ್ಲ. ಬೇಸಿಗೆ ರಜೆಗೋ ಚೌತಿಗೋ ಇದೇ ಕಾರಿನಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಶೇಡಿ ಘಾಟಿ ಇಳಿದು ಕರಾವಳಿಯ ಊರಿಗೆ ಹೊರಡುವ ಮುಂಬೈ ಕನ್ನಡಿಗರು ಅನೇಕರಿದ್ದಾರೆ. ಆ ಶಬ್ದ ಡಿಕ್ಕಿಯಲ್ಲಿ ಉರುಳುವ ಜ್ಯಾಕಿನದ್ದಾಗಿದ್ದರೆ ಚಿಂತೆಯಿಲ್ಲ. ಸವೆದ ಬಾಲ್ ಜಾಯಿಂಟ್‌ನದ್ದಾಗಿದ್ದರೆ? ಎರಡರ ವ್ಯತ್ಯಾಸ ತಿಳಿಯಲು ದುಬಾರಿ ಯಂತ್ರ ಬೇಕಿಲ್ಲ. ಶಬ್ದ ಏನು ಎಂದು ಕೇಳುವ ಮೊದಲು, ಅದು ಯಾವಾಗ ಬರುತ್ತದೆ ಎಂದು ಕೇಳಿದರೆ ಅರ್ಧ ಕೆಲಸ ಮುಗಿದಂತೆ.

ಪದ್ಮಿನಿ ಟ್ಯಾಕ್ಸಿ ಕಲಿಸಿದ ಪಾಠ

ಕಿವಿಯಿಂದಲೇ ಕಾರಿನ ರೋಗ ಹಿಡಿಯುವ ವಿದ್ಯೆ ಮುಂಬೈಗೆ ಹೊಸದಲ್ಲ. ಕುರ್ಲಾದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ದಶಕಗಳ ಕಾಲ ಈ ನಗರದ ಕಪ್ಪು-ಹಳದಿ ಟ್ಯಾಕ್ಸಿಯಾಗಿತ್ತು. ಟ್ಯಾಕ್ಸಿಯಾಗಿ ಕೊನೆಯ ಪದ್ಮಿನಿ ನೋಂದಣಿಯಾದದ್ದು ತಾರ್‌ದೇವ್ ಆರ್‌ಟಿಒದಲ್ಲಿ, 2003ರ ಅಕ್ಟೋಬರ್ 29ರಂದು. ಮುಂಬೈಯಲ್ಲಿ ಟ್ಯಾಕ್ಸಿಗಳ ವಯೋಮಿತಿ 20 ವರ್ಷ. ಹೀಗಾಗಿ 2023ರ ಅಕ್ಟೋಬರ್ 30ರಿಂದ ಅವು ಅಧಿಕೃತವಾಗಿ ಸೇವೆಯಿಂದ ಮರೆಯಾದವು.

1,089 ಸಿಸಿ ಎಂಜಿನ್, ಕಾರ್ಬ್ಯುರೇಟರ್, ಸ್ಟೀರಿಂಗ್ ಪಕ್ಕದ ಗೇರ್ ಲಿವರ್, ಹಿಂದೆ ಪಟ್ಟಿ ಸ್ಪ್ರಿಂಗ್. ಆ ಕಾರಿನಲ್ಲಿ ಕಂಪ್ಯೂಟರ್ ಇರಲಿಲ್ಲ, ಎಚ್ಚರಿಕೆ ದೀಪಗಳೂ ಬೆರಳೆಣಿಕೆಯಷ್ಟೇ. ಹಾಗಾಗಿ ಏನೇ ತೊಂದರೆಯಾದರೂ ಅದನ್ನು ಹೇಳುತ್ತಿದ್ದದ್ದು ಶಬ್ದ ಮತ್ತು ನಡುಕ.

ಈಗಿನ ಹಳೆ ಕಾರುಗಳಲ್ಲಿ ಸ್ಕ್ಯಾನರ್ ಜೋಡಿಸಿ ನೋಡುವ ಸೌಲಭ್ಯವಿದೆ ನಿಜ. ಆದರೆ ಸ್ಕ್ಯಾನರ್ ಓದುವುದು ಸೆನ್ಸರ್‌ಗಳು ಕೊಡುವ ಮಾಹಿತಿಯನ್ನು ಮಾತ್ರ. ಸವೆದ ರಬ್ಬರ್ ಬುಷ್‌ಗಾಗಲಿ, ಸಡಿಲವಾದ ಸೈಲೆನ್ಸರ್ ಹ್ಯಾಂಗರ್‌ಗಾಗಲಿ ಸೆನ್ಸರ್ ಇರುವುದಿಲ್ಲ. ಅಲ್ಲಿ ಇಂದಿಗೂ ಕಿವಿಯೇ ಗತಿ.

ಮೊದಲು ಕಾರು ಖಾಲಿ ಮಾಡಿ

ಸ್ಪ್ಯಾನರ್ ಹಿಡಿಯುವ ಮೊದಲು ಗ್ಲೋವ್ ಬಾಕ್ಸ್, ಡೋರ್ ಪಾಕೆಟ್, ಸೀಟಿನ ಕೆಳಭಾಗ, ಡಿಕ್ಕಿ ಎಲ್ಲವನ್ನೂ ಖಾಲಿ ಮಾಡಿ. ನೀರಿನ ಬಾಟಲಿ, ನಾಣ್ಯ, ಜ್ಯಾಕ್, ವೀಲ್ ಸ್ಪ್ಯಾನರ್ ಹೊರಗಿಡಿ. ಸ್ಟೆಪ್ನಿಯ ಬೋಲ್ಟ್ ಬಿಗಿಯಾಗಿದೆಯೇ, ಬ್ಯಾಟರಿಯ ಕ್ಲ್ಯಾಂಪ್ ಅಲ್ಲಾಡುತ್ತಿದೆಯೇ, ನಂಬರ್ ಪ್ಲೇಟ್ ಸ್ಕ್ರೂ ಸಡಿಲವಾಗಿದೆಯೇ ನೋಡಿ. ಡಿಪ್‌ಸ್ಟಿಕ್ ತೆಗೆದು ಎಂಜಿನ್ ಆಯಿಲ್ ಮಟ್ಟವನ್ನೂ ಪರಿಶೀಲಿಸಿ.

ಇದಕ್ಕೆ ಹತ್ತು ನಿಮಿಷ ಸಾಕು, ಖರ್ಚು ಸೊನ್ನೆ. ಉದಾಹರಣೆಗೆ, ಸಡಿಲವಾದ ಬ್ಯಾಟರಿ ಗುಂಡಿಯಲ್ಲಿ ಕುಣಿದು ಮಾಡುವ ಶಬ್ದವನ್ನು ಶಾಕ್ ಅಬ್ಸಾರ್ಬರ್ ಶಬ್ದವೆಂದು ತಪ್ಪಾಗಿ ತಿಳಿದರೆ, ಎರಡು ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದ ಮೇಲೂ ಶಬ್ದ ಅಲ್ಲೇ ಇರುತ್ತದೆ.

ಎಂಜಿನ್ನಿನದ್ದೋ, ಚಕ್ರದ್ದೋ? ಎರಡು ಸರಳ ಪರೀಕ್ಷೆ

ಕಾರಿನ ಶಬ್ದಗಳಲ್ಲಿ ಬಹುಪಾಲು ಎಂಜಿನ್ ವೇಗಕ್ಕೆ ಅಂಟಿಕೊಂಡಿರುತ್ತವೆ ಅಥವಾ ಚಕ್ರದ ವೇಗಕ್ಕೆ. ಇದನ್ನು ಬೇರ್ಪಡಿಸುವುದೇ ಮೊದಲ ಹೆಜ್ಜೆ.

1. ಬಯಲಿನಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿ ನಿಧಾನವಾಗಿ ಆ್ಯಕ್ಸಿಲರೇಟರ್ ಒತ್ತಿ. ಶಬ್ದ ಬಂದು, ಎಂಜಿನ್ ವೇಗದ ಜೊತೆಗೇ ಏರಿಳಿದರೆ ಅದು ಎಂಜಿನ್, ಬೆಲ್ಟ್, ಆಲ್ಟರ್ನೇಟರ್ ಅಥವಾ ಸೈಲೆನ್ಸರ್ ಕಡೆಯದು.

2. ಶಬ್ದ ನಿಂತಾಗ ಬಾರದೆ ಓಡುವಾಗ ಮಾತ್ರ ಬಂದರೆ, ಖಾಲಿ ಇರುವ ನೇರ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುತ್ತಾ ಕ್ಷಣಕಾಲ ಕ್ಲಚ್ ಒತ್ತಿ. ಎಂಜಿನ್ ವೇಗ ಇಳಿದರೂ ಶಬ್ದ ಹಾಗೆಯೇ ಮುಂದುವರಿದರೆ ಅನುಮಾನ ಟೈರ್, ವೀಲ್ ಬೇರಿಂಗ್, ಬ್ರೇಕ್‌ಗಳ ಮೇಲೆ. ಯಾವುದೇ ಕಾರಣಕ್ಕೂ ಓಡುವಾಗ ಕೀ ಆಫ್ ಮಾಡಬೇಡಿ. ಪವರ್ ಸ್ಟೀರಿಂಗ್ ಮತ್ತು ಬ್ರೇಕ್ ಬೂಸ್ಟರ್ ಕೈಕೊಡುತ್ತವೆ.

ತಾಳ ಎಣಿಸಿದರೆ ಕಳ್ಳ ಸಿಗುತ್ತಾನೆ

'ಟಕ್ ಟಕ್' ಎಂಬ ಶಬ್ದವಾದರೆ ಸೆಕೆಂಡಿಗೆ ಎಷ್ಟು ಬಾರಿ ಎಂದು ಎಣಿಸಿ. 155/80 ಆರ್13 ಅಳತೆಯ ಸಣ್ಣ ಕಾರಿನ ಟೈರ್ ಒಂದು ಸುತ್ತಿಗೆ ಸುಮಾರು 1.8 ಮೀಟರ್ ಸಾಗುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು ಮೂರು ಸುತ್ತು ತಿರುಗುತ್ತದೆ. ಶಬ್ದವೂ ಸೆಕೆಂಡಿಗೆ ಮೂರು ಬಾರಿ ಬಂದರೆ, ಅದು ಚಕ್ರದ ಪ್ರತಿ ಸುತ್ತಿಗೆ ಒಮ್ಮೆ ಆಗುತ್ತಿದೆ ಎಂದರ್ಥ. ಟೈರಿನ ಗಾಡಿಯಲ್ಲಿ ಸಿಕ್ಕ ಕಲ್ಲು, ಚುಚ್ಚಿದ ಮೊಳೆ, ಸಡಿಲವಾದ ವೀಲ್ ಕ್ಯಾಪ್, ಡೊಂಕಾದ ಬ್ರೇಕ್ ಡಿಸ್ಕ್ ಇವುಗಳನ್ನು ಮೊದಲು ನೋಡಬೇಕು. ವೀಲ್ ನಟ್‌ಗಳು ಬಿಗಿಯಾಗಿವೆಯೇ ಎಂದೂ ಕೂಡಲೇ ಪರೀಕ್ಷಿಸಬೇಕು.

ಎಂಜಿನ್ ತಾಳ ಬೇರೆ. ಐಡಲ್‌ನಲ್ಲಿ 800 ಆರ್‌ಪಿಎಂ ಇದ್ದರೆ ಕ್ರ್ಯಾಂಕ್ ಸೆಕೆಂಡಿಗೆ 13 ಸುತ್ತು ತಿರುಗುತ್ತದೆ. ವಾಲ್ವ್‌ಗಳು ಅದರ ಅರ್ಧ ವೇಗದಲ್ಲಿ ತೆರೆದು ಮುಚ್ಚುತ್ತವೆ. ಸೆಕೆಂಡಿಗೆ ಆರೇಳು ಬಾರಿ 'ಟಿಕ್ ಟಿಕ್' ಕೇಳಿಸಿದರೆ ಅದು ಒಂದು ವಾಲ್ವಿನ ಟ್ಯಾಪೆಟ್ ಆಗಿರಬಹುದು.

ಬೈಕುಲ್ಲಾದಲ್ಲೇ ಇದೆ ಟೆಸ್ಟ್ ಟ್ರ್ಯಾಕ್

ಮುಂದಿನ ಹೆಜ್ಜೆ ರಸ್ತೆಯಲ್ಲಿ. ಬೈಕುಲ್ಲಾ ಸುತ್ತಮುತ್ತ ಇದಕ್ಕೆ ಬೇಕಾದ ಎಲ್ಲ ಬಗೆಯ ರಸ್ತೆಗಳೂ ಇವೆ. ಸಂಚಾರ ವಿರಳವಾಗಿರುವ ಮುಂಜಾನೆ ಹೊರಡಿ. ಜೊತೆಗೆ ಇನ್ನೊಬ್ಬರಿರಲಿ. ಒಬ್ಬರು ಓಡಿಸಲಿ, ಒಬ್ಬರು ಕೇಳಲಿ.

ಫ್ಲೈಓವರ್ ಜಾಯಿಂಟ್: ಜೆಜೆ ಫ್ಲೈಓವರ್ ಮತ್ತು ಲಾಲ್‌ಬಾಗ್ ಫ್ಲೈಓವರ್‌ನಲ್ಲಿ ಸಾಲಾಗಿ ಎಕ್ಸ್‌ಪ್ಯಾನ್ಷನ್ ಜಾಯಿಂಟ್‌ಗಳು ಸಿಗುತ್ತವೆ. ಜಾಯಿಂಟ್ ದಾಟಿದಾಗಲೆಲ್ಲ 'ಡಬ್' ಎಂದರೆ ಲಿಂಕ್ ರಾಡ್, ಬುಷ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್ ಮೌಂಟ್‌ಗಳ ಕಡೆ ಗಮನ ಹರಿಸಿ. ಮುಂದಿನ ಚಕ್ರ ದಾಟಿದಾಗಲೋ ಹಿಂದಿನದು ದಾಟಿದಾಗಲೋ ಎಂದು ಕೇಳಿಸಿಕೊಂಡರೆ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ.

ಉದ್ದನೆಯ ಗೋಡೆ: ರಾಣಿ ಬಾಗ್ ಕಾಂಪೌಂಡ್‌ನಂಥ ಉದ್ದ ಗೋಡೆಯ ಪಕ್ಕ ಕಿಟಕಿ ಇಳಿಸಿ ನಿಧಾನವಾಗಿ ಸಾಗಿ. ಗೋಡೆಗೆ ಬಡಿದ ಶಬ್ದ ಸ್ಪಷ್ಟವಾಗಿ ವಾಪಸ್ ಬರುತ್ತದೆ. ಎಡಬದಿಯ ಶಬ್ದಕ್ಕೆ ಎಡಗಡೆಯ ಗೋಡೆ, ಬಲಬದಿಯದ್ದಕ್ಕೆ ರಸ್ತೆ ಮಧ್ಯದ ಕಾಂಕ್ರೀಟ್ ತಡೆಗೋಡೆ ನೆರವಾಗುತ್ತದೆ.

ಸ್ಥಿರ ವೇಗದ ರಸ್ತೆ: ಮಝಗಾಂವ್ ಕಡೆಯಿಂದ ಈಸ್ಟರ್ನ್ ಫ್ರೀವೇ ಏರಿದರೆ ಒಂದೇ ವೇಗದಲ್ಲಿ ಸಾಗಬಹುದು. 'ಹೂಂ' ಎಂಬ ಗುಂಗು ವೇಗದ ಜೊತೆ ಏರಿದರೆ ಅದು ವೀಲ್ ಬೇರಿಂಗ್ ಇರಬಹುದು, ಅಡ್ಡಾದಿಡ್ಡಿ ಸವೆದ ಟೈರ್ ಕೂಡ ಇರಬಹುದು. ಸಹಜವಾದ ತಿರುವುಗಳಲ್ಲಿ ಗಮನಿಸಿ. ಬಲಕ್ಕೆ ತಿರುಗುವಾಗ ಕಾರಿನ ಭಾರ ಎಡ ಚಕ್ರಗಳ ಮೇಲೆ ಬೀಳುತ್ತದೆ. ಆಗ ಗುಂಗು ಹೆಚ್ಚಾದರೆ ಸಾಮಾನ್ಯವಾಗಿ ಎಡ ಬೇರಿಂಗ್ ಸವೆದಿರುತ್ತದೆ. ಕಾಂಕ್ರೀಟ್‌ನಿಂದ ಡಾಂಬರಿಗೆ ಬಂದಾಗ ಶಬ್ದ ತಟ್ಟನೆ ಬದಲಾದರೆ ಅನುಮಾನ ಟೈರ್ ಮೇಲೆ. ಹಿಂದಿನ ಮುಂದಿನ ಟೈರ್ ಅದಲುಬದಲು ಮಾಡಿದರೆ ಖಚಿತವಾಗುತ್ತದೆ.

ಪಾರ್ಕಿಂಗ್ ಜಾಗ: ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ವೃತ್ತ ಹೊಡೆಯಿರಿ. 'ಕಟ್ ಕಟ್ ಕಟ್' ಎಂದರೆ ಮುಂದಿನ ಚಕ್ರದ ಸಿವಿ ಜಾಯಿಂಟ್ ಸವೆದಿದೆ. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಹೊರಹೋಗಿ, ನೀರು ಮತ್ತು ಮರಳು ಒಳಸೇರಿರುತ್ತದೆ. ಜುಲೈ ಒಂದೇ ತಿಂಗಳಲ್ಲಿ ಸರಾಸರಿ 700 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಮುಂಬೈಯಲ್ಲಿ ಹರಿದ ಬೂಟ್ ಬಹಳ ದಿನ ತಾಳುವುದಿಲ್ಲ.

ಕಿವಿ ಮೋಸ ಹೋಗುವುದು ಏಕೆ?

ಕಾರಿನ ಬಾಡಿ ಒಂದೇ ಲೋಹದ ಪೆಟ್ಟಿಗೆಯಂತೆ. ಹಿಂದೆ ಹುಟ್ಟಿದ ಕಂಪನ ಲೋಹದ ಮೂಲಕ ಸಾಗಿ ಡ್ಯಾಶ್‌ಬೋರ್ಡ್‌ನಲ್ಲಿ ಕೇಳಿಸಬಹುದು. ಇನ್ನು ಕೆಲವು ಶಬ್ದ ಒಂದು ನಿರ್ದಿಷ್ಟ ಎಂಜಿನ್ ವೇಗದಲ್ಲಿ ಮಾತ್ರ ಬಂದು, ಅದು ದಾಟಿದರೆ ಮಾಯವಾಗುತ್ತದೆ. ಪ್ರತಿ ತಗಡಿಗೂ ತನ್ನದೇ ಕಂಪನದ ಲಯವಿದೆ. ಎಂಜಿನ್ ನಡುಕ ಆ ಲಯಕ್ಕೆ ಹೊಂದಿದಾಗ ತಗಡು ಝೇಂಕರಿಸುತ್ತದೆ. ಸೈಲೆನ್ಸರ್ ಮೇಲಿನ ಹೀಟ್ ಶೀಲ್ಡ್ ಸಡಿಲವಾದಾಗ ಆಗುವುದು ಇದೇ. ಒಂದು ಕ್ಲ್ಯಾಂಪ್ ಹಾಕಿದರೆ ಮುಗಿಯುವ ಕೆಲಸ ಅದು.

ಹಾಗಾಗಿಯೇ ಅನುಭವಿ ಮೆಕ್ಯಾನಿಕ್‌ಗಳು ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಎಂಜಿನ್ ಭಾಗಕ್ಕೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳುತ್ತಾರೆ. ಶಬ್ದದ ಮೂಲಕ್ಕೆ ಹತ್ತಿರವಾದಷ್ಟೂ ಸದ್ದು ಜೋರಾಗುತ್ತದೆ. ಆದರೆ ತಿರುಗುವ ಫ್ಯಾನ್, ಬೆಲ್ಟ್ ಬಳಿ ಇದು ಅಪಾಯಕಾರಿ. ಅಭ್ಯಾಸವಿಲ್ಲದವರು ಇದಕ್ಕೆ ಕೈ ಹಾಕದಿರುವುದೇ ಒಳ್ಳೆಯದು. ಅದರ ಬದಲು ಕಾರಿನ ಒಳಗೆ ನಾಲ್ಕೂ ಮೂಲೆಯಲ್ಲಿ ಒಂದೊಂದು ಬಾರಿ ಫೋನ್ ಇಟ್ಟು, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ ರೆಕಾರ್ಡ್ ಮಾಡಿ ಹೋಲಿಸಬಹುದು.

ಬೆಳಗ್ಗೆ ಸ್ಟಾರ್ಟ್ ಮಾಡಿದಾಗ, ಎಸಿ ಹಾಕಿದಾಗ ಅಥವಾ ಮಳೆಯಲ್ಲಿ ಕೇಳುವ 'ಕೀಂ' ಎಂಬ ಚೀರಾಟ ಸಾಮಾನ್ಯವಾಗಿ ಬೆಲ್ಟ್‌ನದ್ದು. ಮೆಕ್ಯಾನಿಕ್ ಬೆಲ್ಟ್ ಮೇಲೆ ಸ್ವಲ್ಪ ನೀರು ಸಿಂಪಡಿಸಿದಾಗ ಚೀರಾಟ ಹೆಚ್ಚಾದರೆ ಬೆಲ್ಟ್ ಸಡಿಲವಾಗಿ ಜಾರುತ್ತಿದೆ, ಸ್ವಲ್ಪ ಹೊತ್ತು ನಿಂತು ಮತ್ತೆ ಬಂದರೆ ಪುಲ್ಲಿಗಳು ನೇರವಾಗಿಲ್ಲ ಎಂದು ತಿಳಿಯುತ್ತದೆ.

ಈ ಶಬ್ದ ಕೇಳಿದರೆ ಕಾರು ಓಡಿಸಬೇಡಿ

* ಬ್ರೇಕ್ ಒತ್ತಿದಾಗ 'ಗರ್': ಪ್ಯಾಡ್ ಪೂರ್ತಿ ಸವೆದು ಲೋಹಕ್ಕೆ ಲೋಹ ಉಜ್ಜುತ್ತಿದೆ. ಅದಕ್ಕೂ ಮೊದಲು ಬರುವ ಸಣ್ಣ 'ಕಿರ್' ಪ್ಯಾಡ್ ಬದಲಿಸಿ ಎಂಬ ಎಚ್ಚರಿಕೆ.
* ಎಂಜಿನ್ ಆಳದಿಂದ 'ದಡ್ ದಡ್': ಆಯಿಲ್ ದೀಪವೂ ಉರಿದರೆ ತಕ್ಷಣ ಎಂಜಿನ್ ನಿಲ್ಲಿಸಿ, ಟೋಯಿಂಗ್ ಮಾಡಿಸಿ.
* ಸ್ಟೀರಿಂಗ್ ತಿರುಗಿಸುವಾಗ 'ಕಟಕ್' ಎಂದು, ಕಾರು ಒಂದು ಬದಿಗೆ ಎಳೆದರೆ: ಬಾಲ್ ಜಾಯಿಂಟ್ ಅಥವಾ ಟೈ ರಾಡ್ ಕಳಚಿದರೆ ಚಕ್ರ ಹಿಡಿತ ತಪ್ಪುತ್ತದೆ.
* ಎಂಜಿನ್ ಕಡೆಯಿಂದ 'ಪುಸ್ ಪುಸ್', ಒಳಗೆ ಹೊಗೆಯ ವಾಸನೆ: ಎಕ್ಸಾಸ್ಟ್ ಸೋರಿಕೆ. ಇದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹಾಗಾಗಿ ಹೊಗೆಯ ವಾಸನೆ ಬಾರದಿದ್ದರೂ ಅಪಾಯ ತಪ್ಪಿದ್ದಲ್ಲ. ಕಿಟಕಿ ಮುಚ್ಚಿ ಟ್ರಾಫಿಕ್‌ನಲ್ಲಿ ನಿಂತಾಗ ಜೀವಕ್ಕೇ ಕುತ್ತು.

ಗ್ಯಾರೇಜಿನಲ್ಲಿ ಹೇಗೆ ಹೇಳಬೇಕು?

'ಏನೋ ಶಬ್ದ ಬರುತ್ತೆ, ನೋಡಿ' ಎಂದರೆ ಅಂದಾಜಿನ ರಿಪೇರಿ ಖಚಿತ. ಅದರ ಬದಲು 'ಎಂಜಿನ್ ಬಿಸಿಯಾದ ಮೇಲೆ, ಗಂಟೆಗೆ 50 ಕಿ.ಮೀ. ದಾಟಿದಾಗ, ಬಲಕ್ಕೆ ತಿರುಗುವಾಗ ಹೆಚ್ಚಾಗುವ ಗುಂಗು. ಕ್ಲಚ್ ಒತ್ತಿದರೂ ನಿಲ್ಲುವುದಿಲ್ಲ' ಎಂದು ಹೇಳಿ. ಆಗ ಮೆಕ್ಯಾನಿಕ್ ನೇರವಾಗಿ ಎಡ ಚಕ್ರ ಎತ್ತುತ್ತಾರೆ. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ ಕಂಡರೆ, ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್.

ಸಾಧ್ಯವಾದರೆ ಮೆಕ್ಯಾನಿಕ್ ಅನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ. ಒಮ್ಮೆಗೆ ಒಂದೇ ಭಾಗ ಬದಲಿಸಿ, ಓಡಿಸಿ ನೋಡಿ, ನಂತರ ಮುಂದಿನದು. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಹಳೆ ಮಾದರಿಯ ಬಿಡಿಭಾಗ ಹುಡುಕಿ ಅನೇಕರು ಹತ್ತಿರದ ಚೋರ್ ಬಜಾರ್‌ಗೆ ಹೋಗುತ್ತಾರೆ. ಡೋರ್ ಹ್ಯಾಂಡಲ್, ದೀಪದ ಗಾಜಿಗೆ ಅದು ಸರಿ. ಬ್ರೇಕ್, ಸ್ಟೀರಿಂಗ್, ಬೇರಿಂಗ್ ಮಾತ್ರ ಹೊಸದೇ ಆಗಿರಲಿ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆ ನಂತರ ತಪಾಸಣೆ ಮಾಡಿಸಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಶಬ್ದದ ಮೂಲ ಮೊದಲೇ ಗೊತ್ತಿದ್ದರೆ ಆ ತಪಾಸಣೆಗೂ ಕಾರು ಸಿದ್ಧವಾಗಿರುತ್ತದೆ. ಊರಿಗೆ ಹೊರಡುವವರು ಈ ಪರೀಕ್ಷೆಗಳನ್ನು ಪ್ರಯಾಣದ ಹಿಂದಿನ ರಾತ್ರಿಗೆ ಇಟ್ಟುಕೊಳ್ಳದೆ ಕನಿಷ್ಠ ಎರಡು ವಾರ ಮೊದಲೇ ಮಾಡುವುದು ಒಳ್ಳೆಯದು. ಬಿಡಿಭಾಗ ಹುಡುಕಲು, ಹಾಕಿದ ಮೇಲೆ ನಗರದಲ್ಲೇ ನಾಲ್ಕು ದಿನ ಓಡಿಸಿ ನೋಡಲು ಅಷ್ಟು ಸಮಯ ಬೇಕೇ ಬೇಕು.