‘ಘಟಶ್ರಾದ್ಧ’ಕ್ಕೆ ಸಿಕ್ಕ ಮರುಜೀವ ಉಳಿದ ಸಿನಿಮಾಗಳಿಗೆ ಯಾಕಿಲ್ಲ?

2024ರ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಒಂದು ಕನ್ನಡ ಸಿನಿಮಾ ತೆರೆ ಕಂಡಿತು. ಹೊಸದಲ್ಲ, 1977ರದ್ದು. ಯು.ಆರ್. ಅನಂತಮೂರ್ತಿ ಅವರ ಕಥೆ ಆಧರಿಸಿದ ಗಿರೀಶ್ ಕಾಸರವಳ್ಳಿ ಅವರ ಮೊದಲ ಚಿತ್ರ ‘ಘಟಶ್ರಾದ್ಧ’. ಗರ್ಭಿಣಿಯಾದ ವಿಧವೆಯೊಬ್ಬಳಿಗೆ ಬದುಕಿರುವಾಗಲೇ ಶ್ರಾದ್ಧ ಮಾಡಿ ಹೊರಹಾಕುವ ಅಗ್ರಹಾರದ ಕ್ರೌರ್ಯವನ್ನು ಪುಟ್ಟ ಹುಡುಗನ ಕಣ್ಣಲ್ಲಿ ತೋರಿಸಿದ ಸಿನಿಮಾ ಅದು.

ಖುಷಿಯ ಸುದ್ದಿಯೇ. ಆದರೆ ಇದಕ್ಕೆ ಏನೇನು ಕೂಡಿಬರಬೇಕಾಯ್ತು ನೋಡಿ. ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿತ್ತು. ಒಂದು ಪ್ರಿಂಟ್ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿತ್ತು. ಕೆಲಸ ಮಾಡಿಸಿದ್ದು ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್. ಹಣ ಬಂದಿದ್ದು ವಿದೇಶಿ ಪ್ರತಿಷ್ಠಾನದಿಂದ. ಇಷ್ಟರಲ್ಲಿ ಒಂದು ಕೊಂಡಿ ಕಳಚಿದ್ದರೂ?

ರಿಸ್ಟೋರೇಷನ್ ಅಂದ್ರೆ ಏನು?

ಹಳೇ ಸಿನಿಮಾವನ್ನು ಯೂಟ್ಯೂಬ್‌ಗೆ ‘ಎಚ್‌ಡಿ’ ಅಂತ ಹಾಕೋದಲ್ಲ. ಅಸಿಟೇಟ್ ಫಿಲ್ಮ್ ಸೆಕೆ ಮತ್ತು ತೇವಕ್ಕೆ ಕೊಳೆಯುತ್ತದೆ. ಡಬ್ಬಿ ತೆರೆದರೆ ವಿನೆಗರ್ ವಾಸನೆ ಹೊಡೆಯುತ್ತದೆ, ರೀಲು ಕುಗ್ಗಿ ಸುರುಟಿಕೊಳ್ಳುತ್ತದೆ. ಒಮ್ಮೆ ಶುರುವಾದರೆ ನಿಧಾನ ಮಾಡಬಹುದೇ ಹೊರತು ಹಿಂದಿನ ಸ್ಥಿತಿಗೆ ತರಲಾಗದು.

ಹಾಗಾಗಿ ಮೊದಲ ಕೆಲಸ ಕೈಯದ್ದು: ಹರಿದ ಅಂಚುಗಳನ್ನು ಜೋಡಿಸಿ, ಧೂಳು-ಬೂಷ್ಟು ತೆಗೆದು, ಆಮೇಲೆ ಸ್ಕ್ಯಾನ್. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಎರಡು ಗಂಟೆಯ ಸಿನಿಮಾ ಅಂದ್ರೆ 1,72,800 ಚಿತ್ರಗಳು. ಗೀರು, ಕಲೆ, ನಡುಕ, ಧ್ವನಿಯ ಕರಕರ ಎಲ್ಲವನ್ನೂ ಸರಿಪಡಿಸಬೇಕು. ಕೊನೆಗೆ ಚಿತ್ರಮಂದಿರಕ್ಕೆ ಬೇಕಾದ ಡಿಜಿಟಲ್ ಪ್ರತಿ ತಯಾರಾಗುತ್ತದೆ. ಇವತ್ತು 35 ಎಂಎಂ ಪ್ರೊಜೆಕ್ಟರ್ ಇರುವ ಥಿಯೇಟರ್ ಹುಡುಕಿದರೂ ಸಿಗೋದು ಕಷ್ಟ. ಅಂದರೆ ಡಿಜಿಟಲ್ ಪ್ರತಿ ಇಲ್ಲದ ಸಿನಿಮಾ, ರೀಲು ಗಟ್ಟಿಯಾಗಿದ್ದರೂ, ಜನರ ಪಾಲಿಗೆ ಇಲ್ಲದಂತೆಯೇ.

ಪ್ರಯೋಗಾತ್ಮಕ ಸಿನಿಮಾಕ್ಕೆ ಕಷ್ಟ ಜಾಸ್ತಿ

ಇಲ್ಲಿ ಕತ್ತಲು, ಮೌನ, ಒರಟು ಗ್ರೇನ್ ಬೇಕಂತಲೇ ಇಟ್ಟಿದ್ದಿರಬಹುದು. ಸಾಫ್ಟ್‌ವೇರ್‌ಗೆ ಅದೂ ದೋಷವಾಗಿಯೇ ಕಾಣಬಹುದು. ಉಜ್ಜಿ ಉಜ್ಜಿ ನಯ ಮಾಡಿದರೆ ಸಿನಿಮಾದ ಗುಣವೇ ಹೋಯ್ತು. ಅದಕ್ಕೇ ಮೂಲ ತಂಡದವರು ಜೊತೆಗಿರಬೇಕು. ‘ಘಟಶ್ರಾದ್ಧ’ದ ಕಪ್ಪು-ಬಿಳುಪನ್ನು ಸೆರೆಹಿಡಿದ ಎಸ್. ರಾಮಚಂದ್ರ ಈಗಿಲ್ಲ. ಪುಣ್ಯಕ್ಕೆ ನಿರ್ದೇಶಕರು ಇದ್ದರು.

ಎಲ್ಲರಿಗೂ ಈ ಅದೃಷ್ಟವಿಲ್ಲ. ಜಿ. ಅರವಿಂದನ್ ಅವರ ಮಲಯಾಳಂ ಚಿತ್ರ ‘ತಂಪ್’ (1978) ಹಳ್ಳಿಗೆ ಬಂದ ಸರ್ಕಸ್ಸನ್ನು, ಅದನ್ನು ನೋಡುವ ಜನರ ಮುಖಗಳನ್ನು ಹೆಚ್ಚು ಮಾತಿಲ್ಲದೆ ಹಿಡಿದ ಪ್ರಯೋಗ. ಅದರ ಮೂಲ ನೆಗೆಟಿವ್ ಸಿಗಲೇ ಇಲ್ಲ. ಪ್ರಿಂಟ್‌ನಿಂದ ತೆಗೆದ ನಕಲು ನೆಗೆಟಿವ್ ಇಟ್ಟುಕೊಂಡೇ ಅದನ್ನು ಉಳಿಸಬೇಕಾಯಿತು. 2022ರಲ್ಲಿ ಅದು ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಇನ್ನು ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ (1934)? ಅದರ ಪ್ರತಿ ಉಳಿದೇ ಇಲ್ಲ.

ಯಾವುದು ಉಳಿಯಬೇಕು ಅಂತ ನಿರ್ಧರಿಸೋರು ಯಾರು?

ಪುಸ್ತಕ ಪ್ರಕಟವಾದರೆ ಪ್ರತಿಯನ್ನು ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಡಬೇಕು ಅಂತ 1954ರ ಕಾಯ್ದೆಯೇ ಇದೆ. ಎಲ್ಲ ಸಿನಿಮಾಗಳಿಗೂ ಅನ್ವಯವಾಗುವ ಅಂಥ ಕಾಯ್ದೆ ನಮ್ಮಲ್ಲಿಲ್ಲ. ರಾಷ್ಟ್ರಪ್ರಶಸ್ತಿ ಬಂದರೆ ಪ್ರತಿಯೊಂದು ಪುಣೆ ಸೇರುತ್ತದೆ. ‘ಘಟಶ್ರಾದ್ಧ’ಕ್ಕೆ ಸ್ವರ್ಣಕಮಲ ಬಂದಿತ್ತು. ಬಾರದೇ ಹೋದ ಚಿತ್ರಗಳ ಕಥೆ? ಸ್ಟಾರ್ ಸಿನಿಮಾಗಳನ್ನು ಮಾರುಕಟ್ಟೆ ಹೇಗೋ ಕಾಪಾಡಿಕೊಳ್ಳುತ್ತದೆ, ಮರುಬಿಡುಗಡೆಯಲ್ಲಿ ದುಡ್ಡಿದೆ. ಜಾತಿಯನ್ನು, ಅಧಿಕಾರವನ್ನು ಪ್ರಶ್ನಿಸಿದ, ಹೊಸ ಭಾಷೆಯಲ್ಲಿ ಮಾತಾಡಲು ಹೊರಟ ಸಣ್ಣ ಸಿನಿಮಾಗಳಿಗೆ ಅಂಥ ವಾರಸುದಾರರಿಲ್ಲ.

ಕನ್ನಡ ಚಿತ್ರಗಳಿಗೆ ಸರ್ಕಾರ ಸಬ್ಸಿಡಿ ಕೊಡುತ್ತದೆ. ಅದು ಜನರ ತೆರಿಗೆ ಹಣ. ಹಾಗಿದ್ದರೆ ಆ ಸಿನಿಮಾಗಳ ಒಳ್ಳೆಯ ಪ್ರತಿ ಸಾರ್ವಜನಿಕ ಸಂಗ್ರಹದಲ್ಲಿ ಇರಬೇಕು, ವರ್ಷಕ್ಕೊಮ್ಮೆಯಾದರೂ ಜಿಲ್ಲಾ ಕೇಂದ್ರದ ಪರದೆ ಮೇಲೆ ಬರಬೇಕು ಅಂತ ಕೇಳೋದು ತಪ್ಪೇನಲ್ಲ. ವೆನಿಸ್‌ನಲ್ಲಿ ತೋರಿಸಿದ್ದು ಹೆಮ್ಮೆಯ ವಿಷಯವೇ. ಆದರೆ ಆ ಕಥೆ ಹುಟ್ಟಿದ್ದು ಮಲೆನಾಡಿನಲ್ಲಿ. ಶಿವಮೊಗ್ಗದ ಕಾಲೇಜು ಹುಡುಗಿ ಅದನ್ನು ಕತ್ತಲ ಹಾಲ್‌ನಲ್ಲಿ ನೂರು ಜನರ ಜೊತೆ ಕೂತು ನೋಡಿದಾಗಲೇ ಆ ಸಿನಿಮಾ ಉಳಿಯಿತು ಅನ್ನಬಹುದು.